ಇಂಗ್ಲೆಂಡಿನಲ್ಲಿ ಸಿಕ್ಕ ಊರಿಗಾಂ ಕಲ್ಲು

ಬಂಗಾರಪೇಟೆ ಜಂಕ್ಷನ್

ಪರದೇಶಕ್ಕೆ ಹೋಗಿ ಬಂದವರು ಬರೆದ ಪುಸ್ತಕಗಳನ್ನು ನಾನೂ ಓದಿದ್ದೇನೆ. ಬರೆದವರೆಲ್ಲ ಗಟ್ಟಿಗರು. ಹಡಗಿನಲ್ಲಿ ವಾಂತಿಯಾದರೂ ನಗುತ್ತಾರೆ, ದಾರಿ ತಪ್ಪಿದರೂ ಹಾಡಿಕೊಳ್ಳುತ್ತಾರೆ. ನಾನು ಹುಟ್ಟಾ ಪುಕ್ಕಲ. ಐವತ್ತರ ದಶಕದ ಕೊನೆಯಲ್ಲಿ ಒಂದು ಚಳಿಗಾಲ ಪೂರ್ತಿ ಇಂಗ್ಲೆಂಡಿನಲ್ಲಿ ಹೆದರಿಕೊಂಡೇ ಇದ್ದು, ಹೆದರಿಕೊಂಡೇ ವಾಪಸು ಬಂದವನು. ಅರಮನೆ, ಸೇತುವೆಗಳ ವರ್ಣನೆ ಬೇಕಾದವರು ಬೇರೆ ಪುಸ್ತಕ ನೋಡಬೇಕು. ಹೆದರಿದವನ ಕಣ್ಣಿಗೆ ಬೀಳುವುದು ಬಾಗಿಲು, ಬೀಗ ಮತ್ತು ಎದುರಿಗಿರುವವರ ಮುಖ ಅಷ್ಟೆ.

ಹೋದದ್ದು ಕಾಗದ ಜೋಡಿಸುವುದಕ್ಕೆ. ಬೆಂಗಳೂರಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ನಾನು ಹಳೆಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಬಹಳ ವರ್ಷ ಸರ್ವೆ ಅಧಿಕಾರಿಯಾಗಿದ್ದ ಇಂಗ್ಲಿಷ್ ದೊರೆಯೊಬ್ಬರು ತಮ್ಮ ದೇಶಕ್ಕೆ ಹಿಂದಿರುಗಿ ತೀರಿಕೊಂಡಿದ್ದರು. ಅವರ ಹೆಂಡತಿ ಗಂಡನ ಪೆಟ್ಟಿಗೆಗಳನ್ನೆಲ್ಲ ಅಲ್ಲಿನ ಒಂದು ವಿಶ್ವವಿದ್ಯಾಲಯದ ದಾಖಲೆ ವಿಭಾಗಕ್ಕೆ ಕೊಟ್ಟರು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಕಾಗದ ಕನ್ನಡ, ತೆಲುಗು, ತಮಿಳಿನಲ್ಲಿ. ಓದಬಲ್ಲವರೊಬ್ಬರು ಬೇಕೆಂದು ಅವರು ಬರೆದರು, ನಮ್ಮ ಪ್ರಿನ್ಸಿಪಾಲರು ನನ್ನ ಹೆಸರು ಕಳಿಸಿದರು. ಮೂರೂ ಭಾಷೆ ಬರುವುದು ನನ್ನ ಜಾಣತನವೇನಲ್ಲ. ಕೋಲಾರದ ಊರಿಗಾಂ ಗಣಿಯಲ್ಲಿ, ಆಳುಗಳಿಗೆಂದು ಕಂಪನಿ ಸಾಲಾಗಿ ಕಟ್ಟಿಸಿದ ಲೈನುಮನೆಗಳಲ್ಲಿ ಬೆಳೆದ ಯಾರಿಗಾದರೂ ಬರುತ್ತದೆ. ಒಳಗೆ ಅಮ್ಮನ ಹತ್ತಿರ ಕನ್ನಡ, ಬೀದಿ ನಲ್ಲಿಯ ಹತ್ತಿರ ತಮಿಳು, ಜಗಳಕ್ಕೆ ತೆಲುಗು.

ನನ್ನ ಹೆದರಿಕೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ ಮುನಿಶಾಮಪ್ಪ ಆ ಗಣಿಯ ನೆಲದಡಿಯಲ್ಲಿ ದುಡಿದವನು. ಪಾಳಿ ಮುಗಿಸಿ ಮೇಲೆ ಬಂದವರನ್ನು ಒಂದು ಕೊಠಡಿಯಲ್ಲಿ ನಿಲ್ಲಿಸಿ ತಡಕಿಯೇ ಹೊರಗೆ ಬಿಡುತ್ತಿದ್ದರು. ತಲೆಬಟ್ಟೆ ಬಿಚ್ಚಬೇಕು, ಬಾಯಿ ತೆರೆಯಬೇಕು, ಕೈಯೆತ್ತಿ ನಿಲ್ಲಬೇಕು. ಚಿನ್ನವಿರುವ ಕಲ್ಲಿನ ಚೂರೊಂದು ಮೈಮೇಲೆ ಸಿಕ್ಕಿದರೆ ಜೈಲು. ನಮ್ಮ ಕಡೆ ಅದನ್ನು ಯಾರೂ ಚಿನ್ನ ಎಂದು ಬಾಯಿಬಿಟ್ಟು ಅನ್ನುವುದಿಲ್ಲ, ‘ಕಲ್ಲು’ ಅನ್ನುತ್ತಾರೆ. ನಾನು ಸಣ್ಣವನಾಗಿದ್ದಾಗ ಒಂದು ದಿನ, ಅಪ್ಪ ಮತ್ತು ಅವನ ಜೊತೆಯ ಮೂವರು ಬಟ್ಟೆ ನೇತುಹಾಕುತ್ತಿದ್ದ ಗೂಟದ ಕೆಳಗೆ ಅಂಥ ಒಂದು ಕಲ್ಲು ಸಿಕ್ಕಿತು. ಯಾರು ಇಟ್ಟದ್ದೆಂದು ಗೊತ್ತಾಗಲಿಲ್ಲ. “ನನ್ನ ತಡಕಿ ಸ್ವಾಮಿ, ತಡಕಿ ನೋಡಿ” ಎಂದು ಅಪ್ಪ ಕೈಯೆತ್ತಿಕೊಂಡು ನಿಂತೇ ಇದ್ದನಂತೆ. ಯಾರೂ ತಡಕಲಿಲ್ಲ. ನಾಲ್ವರನ್ನೂ ಕೆಲಸದಿಂದ ತೆಗೆದರು. ಲೈನುಮನೆ ಹೋಯಿತು, ಸಾಮಾನು ಗಾಡಿಗೆ ಹಾಕಿಕೊಂಡು ನಾವು ಬಂಗಾರಪೇಟೆಗೆ ಬಂದೆವು.

ಅಲ್ಲಿ ಅಪ್ಪನಿಗೆ ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸ ಸಿಕ್ಕಿತು. ಸಂಜೆ ಮಂಡಿಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಪಂಚೆಯ ಮಡಿಕೆಯನ್ನು ಎರಡು ಸಲ ಕೊಡವಿ, ಅಂಗಿಯ ಜೇಬು ತಟ್ಟಿ ತೋರಿಸಿಯೇ ಬೀದಿಗೆ ಇಳಿಯುವುದು. “ಹುಣಸೆಹಣ್ಣು ಕದ್ದು ಏನು ಮಾಡ್ತೀಯ ಮುನಿಶಾಮಪ್ಪ?” ಎಂದು ಮಾಲೀಕರು ನಗುತ್ತಿದ್ದರು. ಮದುವೆ ಮನೆಯಿಂದ ಹೊರಡುವಾಗಲೂ ಹಾಗೇ, ತಂಗಿಯ ಮನೆಯಿಂದ ಹೊರಡುವಾಗಲೂ ಹಾಗೇ. ನನಗೂ ಅದೇ ಅಭ್ಯಾಸ ಅಂಟಿತು. ಯಾರ ಮನೆಯ ಹೊಸ್ತಿಲು ದಾಟಬೇಕಾದರೂ ನನ್ನ ಕೈ ತಾನಾಗಿ ಜೇಬು ತಟ್ಟುತ್ತದೆ.

ಹೊರಡುವ ದಿನ ಪ್ಲಾಟ್‌ಫಾರಂ ಮೇಲೆ ಅಮ್ಮ ಅಳುತ್ತಿದ್ದಳು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದ.

“ಲೇ ನಾರಾಣಿ, ಅದು ದೊರೆಗಳ ಊರು. ಯಾರ ಮನೇಲೂ ಒಬ್ನೇ ಕುಂತ್ಕಬೇಡ. ಬೀಗದ ಕೈ ಕೊಟ್ರೆ ಈಸ್ಕಬೇಡ.”

“ಹೂಂ ಅಪ್ಪ.”

“ಕಲ್ಲು ಕಂಡ್ರೆ ಏನ್ಮಾಡ್ಬೇಕು, ಏಳು.”

“ಅಪ್ಪ, ಅಲ್ಲಿ ಕಲ್ಲೆಲ್ಲಿ ಬರುತ್ತೆ? ನಾನು ಹೋಗ್ತಿರೋದು ಕಾಗದ ನೋಡೋಕೆ.”

“ಏಳ್ಲಾ ಅಂದ್ರೆ!”

ನಾನು ಒಪ್ಪಿಸಿದೆ. ಲೈನುಮನೆಯ ಮಕ್ಕಳಿಗೆಲ್ಲ ಮಗ್ಗಿಗಿಂತ ಮುಂಚೆ ಬರುವ ಪಾಠ ಅದು. ಮುಟ್ಟಬಾರದು, ಮುಚ್ಚಬಾರದು, ಓಡಬಾರದು. ಇದ್ದಲ್ಲೇ ನಿಂತು ಎರಡೂ ಕೈ ಮೇಲೆತ್ತಿ, ಸುತ್ತ ಇರುವವರೆಲ್ಲ ಬರುವ ತನಕ ‘ಕಲ್ಲು, ಕಲ್ಲು’ ಎಂದು ಕೂಗಬೇಕು. ಕೈ ಬರಿದಾಗಿರುವುದನ್ನು ನಾಲ್ಕು ಜನ ಕಣ್ಣಾರೆ ನೋಡಬೇಕು.

“ಅಂಗೇ ಮಾಡು” ಎಂದ ಅಪ್ಪ. ರೈಲು ಹೊರಟಿತು.

ಹಡಗು

ಬೊಂಬಾಯಿಯಿಂದ ಹಡಗು. ಸಮುದ್ರವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಕೋಣೆಯಲ್ಲಿ ನನ್ನ ಜೊತೆ ಒಬ್ಬ ಪಂಜಾಬಿ ಡಾಕ್ಟರಿದ್ದರು. ಅವರು ಕೈಗಡಿಯಾರವನ್ನು ಎಲ್ಲೆಂದರಲ್ಲಿ ಬಿಚ್ಚಿಡುವರು. ಅವರು ಸ್ನಾನಕ್ಕೆ ಹೋದರೆ ನಾನೂ ಎದ್ದು ಹೊರಗೆ ಹೋಗಿ ನಿಲ್ಲುತ್ತಿದ್ದೆ, ಕೋಣೆಯಲ್ಲಿ ಗಡಿಯಾರ ಮತ್ತು ನಾನು ಇಬ್ಬರೇ ಇರಬಾರದೆಂದು. ಪಾಪ, ಅವರು ಇದನ್ನು ದೊಡ್ಡ ಮರ್ಯಾದೆ ಎಂದು ತಿಳಿದು ನನಗೆ ದಿನವೂ ಕಿತ್ತಳೆಹಣ್ಣು ಕೊಡುತ್ತಿದ್ದರು.

ಇಳಿಯುವಾಗ ಸುಂಕದವರ ಸಾಲು. ನನ್ನ ಸರದಿ ಬಂದಾಗ ಟ್ರಂಕಿನ ಬೀಗ ತೆಗೆದು, ಕೋಟು ಬಿಚ್ಚಿ ಮಡಿಸಿಟ್ಟು, ಎರಡೂ ಕೈ ಮೇಲೆತ್ತಿ, ಬಾಯಿ ತೆರೆದು ನಿಂತೆ. ಸುಂಕದ ಅಧಿಕಾರಿ ನನ್ನ ಬಾಯೊಳಗೆ ಒಮ್ಮೆ ನೋಡಿ, ಹಲ್ಲುನೋವಾದರೆ ಊರಿನಲ್ಲಿ ಒಳ್ಳೆಯ ವೈದ್ಯರಿದ್ದಾರೆ ಎಂದ. ಟ್ರಂಕನ್ನು ಮುಟ್ಟಲೂ ಇಲ್ಲ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದು ಕಳಿಸಿದ. ಬಿಟ್ಟರಲ್ಲ ಎಂದು ಸಂತೋಷವಾಗಬೇಕಿತ್ತು. ಆಗಲಿಲ್ಲ. ಈಗ ನೋಡದವರು ಮುಂದೆ ಯಾವಾಗಲೋ ನೋಡುತ್ತಾರೆ ಎನ್ನಿಸಿ ರೈಲಿನಲ್ಲಿ ಉದ್ದಕ್ಕೂ ಟ್ರಂಕಿನ ಮೇಲೆಯೇ ಕೂತಿದ್ದೆ.

ಮಿಸೆಸ್ ಹಾಬ್ಸ್ ಮನೆ

ಆ ಊರು ಉತ್ತರದ ಕಡೆಯದು. ಕಲ್ಲಿದ್ದಲಿನ ಹೊಗೆ, ಮಂಜು, ಮಧ್ಯಾಹ್ನ ಮೂರಕ್ಕೇ ಕತ್ತಲೆ. ನಾನು ಬಾಡಿಗೆಗೆ ಇದ್ದ ಮನೆಯ ಒಡತಿ ಮಿಸೆಸ್ ಹಾಬ್ಸ್ ಎಂಬ ವಿಧವೆ. ಒಳ್ಳೆಯವರು, ಆದರೆ ಮಾತು ಕಡಿಮೆ. ನಮ್ಮಲ್ಲಿ ಹೊಸಬರು ಬಂದರೆ ಯಾವೂರು, ಯಾರ ಮಗ, ಮದುವೆಯಾಗಿದೆಯೇ ಎಂದು ಕೇಳಿ ಮುಗಿಸಿದ ಮೇಲೆ ನೀರು ಕೊಡುತ್ತಾರೆ. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೇಳದೆ ಇದ್ದರೆ ನಾನು ಯಾರೆಂದು ಇವರಿಗೆ ಗೊತ್ತಾಗುವುದು ಹೇಗೆ? ಗೊತ್ತಿಲ್ಲದವನ ಮೇಲೆ ಅನುಮಾನ ಬಂದರೆ ನನ್ನ ಪರವಾಗಿ ಮಾತಾಡುವವರು ಯಾರು? ಹೀಗೆಲ್ಲ ಯೋಚಿಸುತ್ತಾ ಮಲಗುತ್ತಿದ್ದೆ.

ಅವರ ಊಟದ ಕೋಣೆಯಲ್ಲಿ ಬೆಳ್ಳಿಯ ಚಮಚಗಳಿದ್ದವು. ಮೊದಲ ದಿನ ತಿಂಡಿ ಮುಗಿಸಿ ಎದ್ದವನು ಬಾಗಿಲ ಹತ್ತಿರ ಕೋಟಿನ ಜೇಬುಗಳನ್ನು ತಟ್ಟಿ ತೋರಿಸಿದೆ. ಮಿಸೆಸ್ ಹಾಬ್ಸ್ ಎದ್ದು ಹೋಗಿ ಒಂದು ಬೆಂಕಿಪೊಟ್ಟಣ ತಂದು ಕೈಗಿಟ್ಟರು. ನಾನು ಸಿಗರೇಟಿಗೆ ಬೆಂಕಿ ಹುಡುಕುತ್ತಿದ್ದೇನೆಂದು ಅವರ ಎಣಿಕೆ. ಬೇಡ ಅನ್ನುವ ಧೈರ್ಯ ಬರಲಿಲ್ಲ, ತೆಗೆದುಕೊಂಡೆ. ಮರುದಿನ ಮತ್ತೆ ತಟ್ಟಿದೆ, ಮತ್ತೆ ಬೆಂಕಿಪೊಟ್ಟಣ. ಬೀಡಿ ಸಹ ಸೇದದ ನನ್ನ ಕೋಣೆಯ ಅಗ್ಗಿಷ್ಟಿಕೆಯ ಮೇಲೆ ಬೆಂಕಿಪೊಟ್ಟಣಗಳ ಸಾಲು ಬೆಳೆಯುತ್ತಾ ಹೋಯಿತು.

ಕಾಗದದ ಕೋಣೆ

ದಾಖಲೆ ವಿಭಾಗ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲು ಇಳಿಯುವಾಗಲೇ ಕಾಲು ತಡೆಯಿತು. ನಮ್ಮಪ್ಪ ಇಳಿದ ಆಳದ ಮುಂದೆ ಇದು ಏನೂ ಅಲ್ಲ, ಆದರೂ ನೆಲದಡಿ ನೆಲದಡಿಯೇ. ಅಲ್ಲಿನ ಮುಖ್ಯಸ್ಥೆ ಮಿಸ್ ಕಾರ್ಟರ್. ಸುಮಾರು ಐವತ್ತು ವರ್ಷ, ಬೆರಳ ತುದಿಯಲ್ಲಿ ಸದಾ ಪೆನ್ಸಿಲಿನ ಮಸಿ. ಮೊದಲ ದಿನ ಅವರು ಹೇಳಿದ ನಿಯಮಗಳನ್ನು ಕೇಳಿ ಮೊದಲು ಹೆದರಿದೆ. ಕೋಟು, ಚೀಲ ಹೊರಗಿಡಬೇಕು. ಪೆನ್ನು ಒಳಗೆ ತರಬಾರದು, ಬರೆಯುವುದಿದ್ದರೆ ಪೆನ್ಸಿಲು. ಕೈ ತೊಳೆದು ಬರಬೇಕು. ಹೊರಗೆ ಹೋಗುವಾಗ ಬಾಗಿಲ ಕಾವಲಿನವರಿಗೆ ಚೀಲ ತೆರೆದು ತೋರಿಸಬೇಕು.

ಆಮೇಲೆ, ವಿಚಿತ್ರವೆಂದರೆ, ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಸ್ವಲ್ಪ ಸಮಾಧಾನವಾಯಿತು. ಇಲ್ಲಾದರೂ ತಡಕುತ್ತಾರೆ.

ಆದರೆ ಬಾಗಿಲ ಕಾವಲಿನ ಡಾಡ್ ಮುದುಕ, ಯುದ್ಧದಲ್ಲಿ ಒಂದು ಕಾಲು ಕುಂಟಾದವನು, ಬಹಳ ಸಂಕೋಚದ ಮನುಷ್ಯ. ನಾನು ಚೀಲ ತೆರೆದು ಹಿಡಿದರೆ ಸೂರು ನೋಡುತ್ತಾ “ಥ್ಯಾಂಕ್ಯೂ ಸರ್” ಅನ್ನುವನು. ನಾನು ಜೇಬಿನ ಒಳಮೈ ಹೊರಗೆಳೆದು ತೋರಿಸಿದರೆ ಕಿವಿ ಕೆಂಪಗಾಗುವುದು ಅವನಿಗೆ.

ಕೆಲಸ ನನಗೆ ಹಿಡಿಸಿತು. ಸತ್ತ ಮನುಷ್ಯನ ಕಾಗದಗಳನ್ನು ನಮಗೆ ಚೆಂದ ಕಂಡ ಹಾಗೆ ಜೋಡಿಸುವಂತಿಲ್ಲ. ಅವನು ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದನೋ ಹಾಗೇ ಇರಬೇಕು, ಆ ಸಾಲೇ ಅವನ ಜೀವನದ ಸಾಲು ಎನ್ನುತ್ತಿದ್ದರು ಮಿಸ್ ಕಾರ್ಟರ್. ತುಕ್ಕು ಹಿಡಿದ ಗುಂಡುಸೂಜಿ ತೆಗೆದು, ಮಡಿಕೆ ಬಿಡಿಸಿ, ಹೊದಿಕೆ ಹಾಳೆಯೊಳಗಿಟ್ಟು ಮೂಲೆಯಲ್ಲಿ ಸಂಖ್ಯೆ ಬರೆಯುವುದು. ಯಾವುದನ್ನಾದರೂ ಜಾಗದಿಂದ ತೆಗೆದರೆ ಆ ಜಾಗದಲ್ಲಿ ತೆಗೆದವರ ಹೆಸರಿನ ಚೀಟಿ ಇಡಲೇಬೇಕು. ಚೀಟಿಯಿಲ್ಲದೆ ಒಂದು ಹುಲ್ಲುಕಡ್ಡಿಯೂ ಅಲುಗುವ ಹಾಗಿಲ್ಲ.

ದೊರೆಯ ಪೆಟ್ಟಿಗೆಗಳಲ್ಲಿ ಗಣಿಯ ನಕ್ಷೆಗಳಿಗಿಂತ ಹೆಚ್ಚು ಬೇರೆಯೇ ಇತ್ತು. ಆಳುಗಳ ಮನೆಯ ಮದುವೆ ಕರೆಯೋಲೆಗಳು, ರಜೆ ಬೇಡುವ ಅರ್ಜಿಗಳು, ಗಣಿಯ ಪಕ್ಕದ ಆಂಡರ್ಸನ್‌ಪೇಟೆಯ ದರ್ಜಿಯ ರಸೀದಿ, ಯಾವುದೋ ಮಗುವಿನ ನಾಮಕರಣದ ಅರಿಶಿನ ಹತ್ತಿದ ಕಾಗದ. ಒಂದನ್ನೂ ಬಿಸಾಡಿರಲಿಲ್ಲ. ಲೈನುಗಳಲ್ಲಿ ಅವರನ್ನು ‘ಸರ್ವೆ ದೊರೆ’ ಎಂದೇ ಕರೆಯುತ್ತಿದ್ದುದು. ಅಪ್ಪ ಕೆಲವು ಕಾಲ ಅವರ ಹಿಂದೆ ದೀಪ ಹಿಡಿದು ನಡೆದಿದ್ದ. ಆ ಇಂಗ್ಲಿಷ್ ನೆಲಮಾಳಿಗೆಯಲ್ಲಿ ಕೂತು “ಮಹಾಸ್ವಾಮಿಗಳ ಪಾದಗಳಿಗೆ” ಎಂದು ಶುರುವಾಗುವ ನಮ್ಮೂರ ಅರ್ಜಿಗಳನ್ನು ಎರಡೆರಡು ಸಲ ಓದುತ್ತಿದ್ದೆ.

ಒಂದು ಬೆಳಿಗ್ಗೆ ಗೋಡೆಯಾಚೆ ದೊಡ್ಡ ಸದ್ದಾಗಿ ಮೇಜು ನಡುಗಿತು. ಊರಿಗಾಮಿನಲ್ಲಿ ನೆಲದಡಿ ಬಂಡೆ ಸಿಡಿದರೆ ಮೇಲೆ ಮನೆಯ ಹಲಗೆಯ ಮೇಲಿನ ಪಾತ್ರೆಗಳು ಹೀಗೇ ನಡುಗುತ್ತವೆ. ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು, ಗಂಡಸರು ಗಣಿಗೆ ಇಳಿಯುವ ಶಾಫ್ಟಿನ ಕಡೆ ಓಡುತ್ತಾರೆ. ನಾನೂ ಓಡಿದೆ. ಬೀದಿಯಲ್ಲಿ ನಿಂತ ಮೇಲೆ ಗೊತ್ತಾಯಿತು, ಬೇರೆ ಯಾರೂ ಬಂದಿಲ್ಲ. ಡಾಡ್ ಕುಂಟುತ್ತಾ ಬಂದು, ಅದು ಕಟ್ಟಡಕ್ಕೆ ಬಿಸಿ ಕೊಡುವ ಬಾಯ್ಲರು, ಚಳಿಗಾಲದಲ್ಲಿ ಹಾಗೆ ಗೊಣಗುತ್ತದೆ ಎಂದ. ವಾಪಸು ಒಳಗೆ ಬರುವಾಗ ತಡಕಿಸಿಕೊಳ್ಳದೆ ಹೊರಗೆ ಹೋಗಿದ್ದು ನೆನಪಾಗಿ ಅವನ ಮುಂದೆ ಜೇಬುಗಳನ್ನೆಲ್ಲ ಹೊರಗೆಳೆದು ತೋರಿಸಿದೆ.

ಹೊಗೆಸೊಪ್ಪಿನ ಡಬ್ಬಿ

ಕಲ್ಲು ಸಿಕ್ಕಿದ್ದು ಮೂರನೆಯ ಪೆಟ್ಟಿಗೆಯಲ್ಲಿ. ಮಿಸ್ ಕಾರ್ಟರ್ ಮೇಲಿನ ಮಹಡಿಗೆ ಹೋಗಿದ್ದರು. ಪಕ್ಕದ ಓದುವ ಕೋಣೆಯಲ್ಲಿ ಒಂದಷ್ಟು ಜನ ತಲೆ ತಗ್ಗಿಸಿ ಓದುತ್ತಿದ್ದರು, ನಡುವೆ ಗಾಜಿನ ಬಾಗಿಲು ತೆರೆದಿತ್ತು. ಕರೆಯೋಲೆಗಳ ಕಟ್ಟಿನ ಕೆಳಗೆ ಹೊಗೆಸೊಪ್ಪಿನ ತಗಡಿನ ಡಬ್ಬಿಯೊಂದಿತ್ತು. ಮುಚ್ಚಳ ತೆಗೆದೆ. ಒಳಗೆ ಹತ್ತಿ. ಹತ್ತಿ ಸರಿಸಿದೆ.

ಕೋಳಿಮೊಟ್ಟೆಯಷ್ಟು ದೊಡ್ಡ ಬಿಳಿಗಲ್ಲು. ನಡುವೆ ನೀಲಿಗಪ್ಪು ಪಟ್ಟೆ, ಪಟ್ಟೆಯ ಅಂಚಿಗೆ ಹಳದಿ ಗೆರೆ.

ನಾನು ಎಂದೂ ಅದನ್ನು ನೋಡಿರಲಿಲ್ಲ. ಆದರೂ ನೋಡಿದ ತಕ್ಷಣ ಏನೆಂದು ಗೊತ್ತಾಯಿತು. ಕೋಣೆಯಲ್ಲಿ ನಾನೊಬ್ಬನೇ. ಇಂಗ್ಲೆಂಡು, ಸಂಬಳ, ಇಂಗ್ಲಿಷು ಎಲ್ಲಾ ಮರೆತುಹೋಯಿತು. ಕುರ್ಚಿ ಹಿಂದಕ್ಕೆ ಬಿತ್ತು. ಎದ್ದು ನಿಂತು ಎರಡೂ ಕೈ ಸೂರಿನ ಕಡೆ ಎತ್ತಿ, ಇದ್ದಬದ್ದ ಗಂಟಲಲ್ಲಿ ಕೂಗಿದೆ.

“ಕಲ್ಲು! ಕಲ್ಲು! ಬನ್ರಪ್ಪಾ, ಕಲ್ಲು!”

ಆ ಕೋಣೆಗಳಲ್ಲಿ ಕೆಮ್ಮುವವರೂ ಹೊರಗೆ ಹೋಗಿ ಕೆಮ್ಮಿ ಬರುತ್ತಿದ್ದರು. ಓದುತ್ತಿದ್ದವರೆಲ್ಲ ಎದ್ದರು. ಪಾದ್ರಿಯಂಥವರೊಬ್ಬರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಡಾಡ್ ನೀರಿನ ಬಕೆಟ್ಟು ಹಿಡಿದು ಕುಂಟುತ್ತಾ ಓಡಿ ಬಂದ, ಬೆಂಕಿ ಬಿದ್ದಿದೆ ಎಂದುಕೊಂಡು. ಅಷ್ಟು ಜನ ಸೇರುವ ತನಕ ನಾನು ಕೂಗುವುದನ್ನು ನಿಲ್ಲಿಸಲಿಲ್ಲ, ಕೈ ಇಳಿಸಲಿಲ್ಲ.

ಮಿಸ್ ಕಾರ್ಟರ್ ಬಂದರು. ನನ್ನ ಕೈ ನೋಡಿದರು, ಮೇಜು ನೋಡಿದರು. ಡಬ್ಬಿಯಿಂದ ಕಲ್ಲನ್ನು ಬರಿಗೈಯಲ್ಲಿ ಎತ್ತಿಕೊಂಡು ದೀಪದ ಕೆಳಗೆ ತಿರುಗಿಸಿದರು.

“ಎಷ್ಟು ಮುದ್ದಾಗಿದೆ! ಇದಕ್ಕೆ ಯಾಕೆ ಇಷ್ಟು ಹೆದರಿದಿರಿ?”

“ಮೇಡಂ, ಕೆಳಗಿಡಿ. ದಯವಿಟ್ಟು ಕೆಳಗಿಡಿ. ಅದು ಗಣಿಯ ಕಲ್ಲು.”

“ಇರಬಹುದು. ನೆನಪಿಗೆಂದು ತಂದಿರುತ್ತಾರೆ. ಅವರ ಕಾಗದಗಳ ಜೊತೆ ಇತ್ತು, ಜೊತೆಯಲ್ಲೇ ಇರಲಿ. ಅಳತೆ ತೆಗೆದು ಸಂಖ್ಯೆ ಹಾಕಿ.”

ಅಳತೆ ನಾನು ತೆಗೆಯಲಿಲ್ಲ. ಮುಟ್ಟುವುದಿಲ್ಲ ಎಂದುಬಿಟ್ಟೆ. ಅವರು ಏನೂ ಕೇಳದೆ ತಾವೇ ಅಳೆದು, ಸಂಖ್ಯೆ ಹಾಕಿ, ಡಬ್ಬಿಯನ್ನು ನಾನು ಕೆಲಸ ಮಾಡುವ ಕಪಾಟಿನಲ್ಲೇ ಇಟ್ಟರು. ಕಪಾಟಿನ ಬೀಗದ ಕೈ ಎರಡು. ಒಂದು ಅವರ ಹತ್ತಿರ, ಇನ್ನೊಂದು ಬೆಳಿಗ್ಗೆ ಡಾಡ್ ನನಗೆ ಕೊಟ್ಟು ಸಂಜೆ ಈಸಿಕೊಳ್ಳುವುದು. ಅಪ್ಪ ಬೇಡ ಅಂದಿದ್ದೆಲ್ಲ ಒಂದೊಂದಾಗಿ ನನ್ನ ಕೊರಳಿಗೇ ಬಂದಿತ್ತು. ಆಮೇಲೆ ಪ್ರತಿದಿನ ನನ್ನ ಮೊದಲ ಕೆಲಸ ಡಬ್ಬಿಯ ಮುಚ್ಚಳವನ್ನು ಪೆನ್ಸಿಲಿನ ತುದಿಯಿಂದ ಎತ್ತಿ ಕಲ್ಲು ಇದೆಯೇ ಎಂದು ನೋಡುವುದು. ಸಂಜೆ ಕೊನೆಯ ಕೆಲಸವೂ ಅದೇ.

ಖಾಲಿ ಹತ್ತಿ

ಕ್ರಿಸ್‌ಮಸ್ ಕಳೆದ ಮೇಲೆ ಮಿಸ್ ಕಾರ್ಟರ್‌ಗೆ ಜ್ವರ ಬಂತು, ತಂಗಿಯ ಊರಿಗೆ ಹೋದರು. ಮರುದಿನ ಬೆಳಿಗ್ಗೆ ನಾನು ಮುಚ್ಚಳ ಎತ್ತಿದೆ. ಹತ್ತಿ ಇತ್ತು, ಕಲ್ಲು ಇರಲಿಲ್ಲ. ಚೀಟಿಯೂ ಇರಲಿಲ್ಲ.

ಪೆನ್ಸಿಲಿನಿಂದ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿದೆ. ನೆಲದ ಮೇಲೆ ಮಂಡಿಯೂರಿ ಕಪಾಟಿನ ಕೆಳಗೆ ನೋಡಿದೆ. ಹಿಂದಿನ ಸಂಜೆ ಕಪಾಟಿಗೆ ಬೀಗ ಹಾಕಿದವನು ನಾನು, ಬೆಳಿಗ್ಗೆ ತೆಗೆದವನೂ ನಾನೇ. ಹಿಂದಿನ ಸಂಜೆ ಮುಚ್ಚಳ ಎತ್ತಿ ನೋಡಿದ್ದೆನೇ? ಅವತ್ತು ಮಿಸ್ ಕಾರ್ಟರ್ ಕೆಮ್ಮುತ್ತಾ ಹೊರಟ ಗಡಿಬಿಡಿಯಲ್ಲಿ ನೋಡಿರಲಿಲ್ಲ.

ನೇರವಾಗಿ ಡಾಡ್ ಹತ್ತಿರ ಹೋಗಿ ಹೇಳಿದೆ. ಅವನು ತಲೆ ಕೆರೆದುಕೊಂಡ.

“ಮೇಡಂ ಬರಲಿ ಸರ್, ಅವರಿಗೆ ಗೊತ್ತಿರುತ್ತದೆ. ಅವರ ತಂಗಿಯ ಮನೆಯಲ್ಲಿ ಫೋನಿಲ್ಲ.”

“ಅಲ್ಲಿಯ ತನಕ? ನನ್ನನ್ನು ತಡಕಿ.”

“ಏನಂದಿರಿ?”

“ನನ್ನನ್ನು ತಡಕಿ ನೋಡಿ. ಕೋಟು ತೆಗೆಯುತ್ತೇನೆ. ನನ್ನ ಕೋಣೆಗೂ ಬನ್ನಿ.”

ಡಾಡ್‌ನ ಕಿವಿ ಮಾತ್ರವಲ್ಲ, ಕತ್ತಿನ ತನಕ ಕೆಂಪಗಾಯಿತು. “ಅಯ್ಯಯ್ಯೋ ಬಿಡಿ ಸರ್, ನಿಮ್ಮಂಥವರನ್ನು ಯಾರಾದರೂ ತಡಕುತ್ತಾರೆಯೇ! ಬನ್ನಿ, ಟೀ ಕುಡಿಯಿರಿ” ಎಂದ.

ಅವನು ಒಳ್ಳೆಯ ಮಾತು ಎಂದುಕೊಂಡೇ ಆಡಿದ. ನನಗೆ ಮಾತ್ರ ನೇಣಿನ ಹಗ್ಗ ಬಿಗಿದ ಹಾಗಾಯಿತು. ತಡಕಿದರೆ ತಾನೇ ನನ್ನ ಹತ್ತಿರ ಇಲ್ಲವೆಂದು ಗೊತ್ತಾಗುವುದು? ತಡಕುವ ಕೊಠಡಿಯನ್ನು ನಾನು ಹುಟ್ಟಿದಂದಿನಿಂದ ಬೈದುಕೊಂಡು ಬಂದವನು. ಆದರೆ ಪಾಳಿ ಮುಗಿಸಿ ಆ ಕೊಠಡಿ ದಾಟಿ ಬಂದವನು ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದ. ಅಪ್ಪನನ್ನು ತಡಕದೆ ಕಳಿಸಿದರು, ಅದಕ್ಕೇ ಇವತ್ತಿಗೂ ಅವನು ಹುಣಸೆ ಮಂಡಿಯ ಬಾಗಿಲಲ್ಲಿ ಪಂಚೆ ಕೊಡವುತ್ತಿದ್ದಾನೆ. ಈಗ ನನ್ನನ್ನೂ ತಡಕುತ್ತಿಲ್ಲ.

ಆ ದಿನಗಳನ್ನು ಹೇಗೆ ಕಳೆದೆನೋ. ಒಂದು ಕಾಗದವನ್ನೂ ಮುಟ್ಟಲಿಲ್ಲ. ಬೆಳಿಗ್ಗೆ ಹೋಗಿ ತೆರೆದ ಡಬ್ಬಿಯ ಮುಂದೆ ಕೈಗಳೆರಡನ್ನೂ ಮೇಜಿನ ಮೇಲೆ ಕಾಣುವಂತೆ ಇಟ್ಟುಕೊಂಡು ಕೂರುತ್ತಿದ್ದೆ. ಬೀದಿಯಲ್ಲಿ ಪೊಲೀಸಿನವನು ಎದುರಾಗಿ ‘ಗುಡ್ ಮಾರ್ನಿಂಗ್’ ಅಂದರೆ ಎರಡೂ ಕೈ ಜೇಬಿನಿಂದ ತೆಗೆದು ತೋರಿಸುತ್ತಿದ್ದೆ. ಕೋಣೆಗೆ ಬಂದರೆ ಅಗ್ಗಿಷ್ಟಿಕೆಯ ಮೇಲೆ ಬೆಂಕಿಪೊಟ್ಟಣಗಳ ಸಾಲು. ಸೇದದವನ ಕೋಣೆಯಲ್ಲಿ ಇಷ್ಟೊಂದು ಬೆಂಕಿಪೊಟ್ಟಣ ಯಾಕೆ ಎಂದು ಪೊಲೀಸರು ಕೇಳಿದರೆ ಏನು ಹೇಳಲಿ? ಎಲ್ಲವನ್ನೂ ಟವೆಲಿನಲ್ಲಿ ಕಟ್ಟಿ ಮಿಸೆಸ್ ಹಾಬ್ಸ್‌ಗೆ ವಾಪಸು ಕೊಟ್ಟೆ. ಅವರು ಗಾಬರಿಯಾಗಿ, ತಾವು ಕೊಟ್ಟ ಕಂಪನಿಯ ಕಡ್ಡಿ ಚೆನ್ನಾಗಿಲ್ಲವೇ ಎಂದು ಕೇಳಿದರು.

ಒಂದು ಮಧ್ಯಾಹ್ನ ರೈಲು ನಿಲ್ದಾಣದ ತನಕ ಹೋಗಿದ್ದೂ ಉಂಟು. ಬಂದರಿನ ಊರಿಗೆ ಹೋಗುವ ಗಾಡಿ ನಿಂತಿತ್ತು. ಬಾಗಿಲು ತೆರೆದಿತ್ತು. ಓಡಬಾರದು ಎಂದು ಅಪ್ಪ ಹೇಳಿಸಿದ ಪಾಠ ನೆನಪಾಗಿ ಹಿಂದಿರುಗಿದೆ. ದಾರಿಯುದ್ದಕ್ಕೂ ಅತ್ತೆ. ಮಂಜಿನಲ್ಲಿ ಯಾರಿಗೂ ಕಾಣುವಂತಿರಲಿಲ್ಲ.

ಮಿಸ್ ಕಾರ್ಟರ್ ಬಂದರು, ಮೂಗು ಇನ್ನೂ ಕೆಂಪಗೇ ಇತ್ತು. ಕೈಚೀಲ ತೆರೆದು ಕರವಸ್ತ್ರದ ಗಂಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದರು.

“ಇಗೋ ನಿಮ್ಮ ಕಲ್ಲು. ಹೊರಡುವ ಸಂಜೆ ಭೂವಿಜ್ಞಾನ ವಿಭಾಗಕ್ಕೆ ಕೊಟ್ಟಿದ್ದೆ, ಏನೆಂದು ನೋಡಲಿ ಅಂತ. ಈಗ ಬರುವ ದಾರಿಯಲ್ಲಿ ಈಸಿಕೊಂಡೆ. ನೀವು ಹೇಳಿದ್ದೇ ಸರಿ, ಇದರಲ್ಲಿ ಚಿನ್ನವಿದೆಯಂತೆ.” ಅಷ್ಟರಲ್ಲಿ ನನ್ನ ಮುಖ ನೋಡಿದರು. “ಏನಾಯಿತು?”

“ಚೀಟಿ ಇರಲಿಲ್ಲ ಮೇಡಂ.”

ಅವರು ಡಬ್ಬಿ ನೋಡಿದರು. ಬಾಯಿಯ ಮೇಲೆ ಕೈ ಇಟ್ಟುಕೊಂಡರು. “ದೇವರೇ, ಜ್ವರದಲ್ಲಿ ಮರೆತೆ. ನಾನೇ ಮರೆತೆ. ಆದರೆ ನಿಮ್ಮ ಮೇಲೆ ಅನುಮಾನ ಪಡುವ ಯೋಚನೆ ಇಲ್ಲಿ ಯಾರಿಗೂ ಬರುತ್ತಿರಲಿಲ್ಲ.”

“ಬರಬೇಕಾಗಿತ್ತು” ಎಂದೆ. ಆಮೇಲೆ ಊರಿಗಾಂ, ಗೂಟ, ಅಪ್ಪ ಕೈಯೆತ್ತಿ ನಿಂತದ್ದು, ಎಲ್ಲವನ್ನೂ ಹೇಳಿದೆ. ನನ್ನ ಇಂಗ್ಲಿಷು ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಮುಗಿದ ಮೇಲೆ ಅವರು ಒಂದು ಚೀಟಿಯಲ್ಲಿ ತೆಗೆದುಕೊಂಡವರ ಹೆಸರು ಎಂದು ತಮ್ಮ ಹೆಸರನ್ನೂ, ‘ಮರೆವಿನಿಂದ ತಡವಾಗಿ ಬರೆದದ್ದು’ ಎಂದೂ ಬರೆದು ಡಬ್ಬಿಯೊಳಗಿಟ್ಟರು. ಕಲ್ಲು ಬಂದಾಯಿತಲ್ಲ, ಚೀಟಿ ಯಾಕೆ ಎಂದೆ. ತಪ್ಪು ಅವರದೆಂದು ಮುಂದೆ ತೆರೆದವರಿಗೂ ತಿಳಿಯಬೇಕು, ಚೀಟಿ ಅಲ್ಲೇ ಇರುತ್ತದೆ ಎಂದರು.

ಕಲ್ಲನ್ನು ಯಾವ ಅಪ್ಪಣೆಯ ಮೇಲೆ ದೊರೆ ತಂದರೋ ನನಗೆ ಗೊತ್ತಿಲ್ಲ. ಪಡೆದೇ ತಂದಿರಬಹುದು. ಪೆಟ್ಟಿಗೆಗಳಲ್ಲಿ ಆ ವಿಷಯವಾಗಿ ಏನೂ ಇರಲಿಲ್ಲ. ವಿವರಣೆಯಲ್ಲಿ ಊರಿನ ಹೆಸರು ನಾನೇ ಬರೆಯಬೇಕೆಂದರು ಮಿಸ್ ಕಾರ್ಟರ್. ಬರೆಯುವ ಮುಂಚೆ ಒಮ್ಮೆ ಕೈಯಲ್ಲಿ ಹಿಡಿದೆ, ಅವರ ಎದುರಿಗೇ. ಕಂಡದ್ದಕ್ಕಿಂತ ಭಾರವಾಗಿತ್ತು. ಅಪ್ಪ ಅಷ್ಟು ವರ್ಷ ಇಂಥದ್ದನ್ನು ಕತ್ತಲೆಯಲ್ಲಿ ಒಡೆದ, ಒಂದನ್ನೂ ಬೆಳಕಿನಲ್ಲಿ ಹಿಡಿದು ನೋಡಲಿಲ್ಲ. ‘ಊರಿಗಾಂ’ ಎಂದು ಬರೆದು ಬೇಗ ಹತ್ತಿಯ ಮೇಲಿಟ್ಟೆ.

ಮತ್ತೆ ಬಂಗಾರಪೇಟೆ

ಬೇಸಗೆಯ ಹೊತ್ತಿಗೆ ಊರಿಗೆ ಬಂದೆ. ಗಣಿಗಳ ಕಡೆಗೆ ಹೋಗುವ ಮಾರಿಕುಪ್ಪಂ ಗಾಡಿ ಹೊರಡುವ ಪ್ಲಾಟ್‌ಫಾರಂ ಮೇಲೆ, ಪಾಳಿಗೆ ಹೋಗುವವರ ಗುಂಪಿನ ನಡುವೆ ಅಪ್ಪ ನಿಂತಿದ್ದ. ನನ್ನನ್ನು ತಬ್ಬಿಕೊಳ್ಳುತ್ತಾನೇನೋ ಎಂದುಕೊಂಡೆ. ಅಪ್ಪ ಎರಡೂ ಕೈ ಚಾಚಿ ನನ್ನ ಕಂಕುಳಿನಿಂದ ಸೊಂಟದ ತನಕ, ಸೊಂಟದಿಂದ ಮಂಡಿಯ ತನಕ ಸವರಿದ. ನಾನು ಸುಮ್ಮನೆ ಕೈ ಎತ್ತಿ ನಿಂತುಕೊಂಡೆ. ಅಷ್ಟು ತಿಂಗಳ ಮೇಲೆ ಯಾರೋ ಒಬ್ಬರು ನನ್ನನ್ನು ತಡಕಿದರು. ಕಣ್ಣಲ್ಲಿ ನೀರು ಬಂತು.

“ಸೊರಗೋಗಿದ್ದೀಯ ಕಣ್ಲಾ” ಎಂದ ಅಪ್ಪ.

ಮನೆಯಲ್ಲಿ ಅಮ್ಮ ಮುದ್ದೆ, ಉಪ್ಸಾರು ಮಾಡಿದ್ದಳು. ಊಟವಾದ ಮೇಲೆ ಬಾಗಿಲು ತೆರೆದಿಟ್ಟುಕೊಂಡು ಕೂತು ಎಲ್ಲವನ್ನೂ ಹೇಳಿದೆ. ಕೈಯೆತ್ತಿ ಕೂಗಿದ್ದನ್ನು ಹೇಳಿದಾಗ ಅಪ್ಪ “ಭೇಷ್” ಅಂದ. ಖಾಲಿ ಹತ್ತಿಯ ಮಾತು ಬಂದಾಗ ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಕಲ್ಲು ಸಿಕ್ಕಿತು ಎಂದ ಮೇಲೂ ಅಪ್ಪನ ಮುಖ ಸಡಿಲವಾಗಲಿಲ್ಲ.

“ತಡಕ್ಲೇ ಇಲ್ವಾ ನಿನ್ನ?”

“ಇಲ್ಲಪ್ಪ.”

“ತಡಕ್ದೆ, ಕಳ್ಳ ಅಲ್ಲ ಅಂತ ನಂಬುದ್ರಾ?”

“ನಂಬಿದರು.”

ಅಪ್ಪ ಕೇಳಿದ, “ಆ ಕಲ್ಲು ನಮ್ದೇನಾ?”

“ನಮ್ಮದೇ. ಊರಿಗಾಂದು. ಬಿಳಿ, ಮಧ್ಯ ನೀಲಿ ಪಟ್ಟೆ.”

“ಸರ್ವೆ ದೊರೆ ಅದನ್ನ ಅಷ್ಟು ದೂರ ತಕಂಡೋದ್ರಾ? ಗೇಟ್ನಾಗೆ, ಅಡಗ್ನಾಗೆ, ಎಲ್ಲೂ ಯಾರೂ ಅವ್ರನ್ನ ತಡಕ್ಲಿಲ್ವಾ?”

“ತಡಕಿರಲಾರರು.”

ಈಗಲಾದರೂ ಅಪ್ಪನಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿ, ಎಂದೋ ಬರಬೇಕಾಗಿದ್ದ ಸಿಟ್ಟು ಎಂದು ನಾನು ಕಾದೆ. ಅಪ್ಪ ಎದ್ದ. ಬಾಗಿಲಿಗೆ ಹೋಗಿ ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಬಾಗಿಲು ಹಾಕಿ ಅಗಳಿ ಸರಿಸಿ, ಬಂದು ನನ್ನ ಕಿವಿಯ ಹತ್ತಿರ ಕೂತ.

“ಮೆಲ್ಲಗೆ ಮಾತಾಡ್ಲಾ. ಇದನ್ನ ಯಾರ ಅತ್ರಾನೂ ಏಳ್ಬೇಡ. ಮಾನವಂತ ಮನುಷ್ಯ ಆತ. ನನ್ ದೀಪ ಕೆಟ್ರೆ ತನ್ ದೀಪ ಕೊಡೋನು. ಸುದ್ದಿ ಆಚೆ ಬಿದ್ರೆ ಪಾಪ, ಅವ್ರ ಎಂಡ್ತೀನ ಮನೆ ಬಿಡುಸ್ಬುಡ್ತಾರೆ.”